ದೀಪ ನಾಚಿತೆಂದು ಬರೆದವನಿಗೆ

ಮೂಡುಬಿದಿರೆ,
೧೧ ನವೆಂಬರ್ ೨೦೨೫, ಮಂಗಳವಾರ

ಪ್ರೀತಿಯ ತಮ್ಮ ಲೋಕುವಿಗೆ ಅಕ್ಕ ವಿನೋದಾಳಿಂದ ಮೊದಲು ಬೆನ್ನಿಗೊಂದು ಗುದ್ದು, ಆಮೇಲೆ ತಲೆ ಸವರಿ ಮಾಡುವ ಆಶೀರ್ವಾದ.

ಹೇಗಿದ್ದೀ? ಸೆಕೆ ಜಾಸ್ತಿಯಾದರೆ ನಿನಗೆ ಮೂಗಿನಲ್ಲಿ ರಕ್ತ ಬರುತ್ತಿತ್ತಲ್ಲ, ಗಲ್ಫಿನ ಬಿಸಿಲಿಗೆ ಅದು ಹೆಚ್ಚಾಯಿತೋ ಕಡಿಮೆಯಾಯಿತೋ? ಹೊಟ್ಟೆಗೆ ಸರಿಯಾಗಿ ತಿನ್ನುತ್ತೀಯಾ? ಅಡುಗೆ ಯಾರು ಮಾಡುತ್ತಾರೆ? ಮದುವೆಯಾಗಿದ್ದೀಯಾ, ಆಗಿದ್ದರೆ ಅವಳ ಹೆಸರೇನು? ಹದಿನೈದು ವರ್ಷದ ಪ್ರಶ್ನೆಗಳನ್ನು ಒಂದೇ ಸಲ ಕೇಳಿದರೆ ನೀನು ಹೆದರಿ ಮತ್ತೆ ನಂಬರ್ ಬದಲಾಯಿಸುತ್ತೀ ಎಂದು ಇಷ್ಟಕ್ಕೇ ನಿಲ್ಲಿಸುತ್ತೇನೆ. ನಾವೆಲ್ಲ ಚೆನ್ನಾಗಿದ್ದೇವೆ. ಅಪ್ಪನಿಗೆ ಎಪ್ಪತ್ತಾರು. ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತದೆ, ಅದು ಬಿಟ್ಟರೆ ಗಟ್ಟಿ ಇದ್ದಾರೆ. ಊರಿನ ಮನೆ ಬಿಟ್ಟು ನನ್ನ ಜೊತೆಗೆ ಬಂದು ಒಂಬತ್ತು ವರ್ಷವಾಯಿತು. ನಾನು ಇಲ್ಲಿ ಬಸ್ ಸ್ಟ್ಯಾಂಡಿನ ಹಿಂದೆ ಹೊಲಿಗೆ ಅಂಗಡಿ ಇಟ್ಟಿದ್ದೇನೆ. ಕಾಲೇಜಿನ ಮಕ್ಕಳಿಗೆ ಲ್ಯಾಬಿನ ಬಿಳಿ ಕೋಟು ಹೊಲಿದು ಹೊಲಿದು ನನಗೀಗ ಕಣ್ಣು ಮುಚ್ಚಿದರೂ ಬಿಳಿ ಬಟ್ಟೆಯೇ ಕಾಣುತ್ತದೆ.

ಈ ಪತ್ರವನ್ನು ಕಾಗದದಲ್ಲೇ ಬರೆಯುತ್ತಿದ್ದೇನೆ. ಮಗಳು ಪ್ರಾಪ್ತಿ ಇದರ ಫೋಟೋ ತೆಗೆದು, ಅವಳ ಫೋನಿನ ಗುಂಪಿನಲ್ಲಿರುವ 'ಕೆಂಪುಧೂಳು' ಎಂಬ ಹೆಸರಿನವರಿಗೆ ಬೇರೆಯವರಿಗೆ ಕಾಣದ ಹಾಗೆ ಕಳುಹಿಸುತ್ತಾಳಂತೆ. ಒಂದು ವೇಳೆ ಆ ಕೆಂಪುಧೂಳು ನನ್ನ ತಮ್ಮ ಲೋಕನಾಥ ಅಲ್ಲದಿದ್ದರೆ, ಸ್ವಾಮೀ, ಗುರುತಿಲ್ಲದ ಹೆಂಗಸು ಮೂಗಿನ ರಕ್ತದ ವಿಚಾರ ಕೇಳಿದ್ದಕ್ಕೆ ಕ್ಷಮಿಸಿ, ಇಲ್ಲಿಗೇ ಓದುವುದನ್ನು ನಿಲ್ಲಿಸಿ. ಲೋಕನಾಥನೇ ಆಗಿದ್ದರೆ ಕೊನೆಯ ಸಾಲಿನವರೆಗೆ ಓದಬೇಕು. ಅರ್ಧಕ್ಕೆ ಎದ್ದುಹೋಗುವ ಅಭ್ಯಾಸ ನಿನಗೆ ಮೊದಲಿನಿಂದಲೂ ಉಂಟು.

ನಾನು ಆ ಗುಂಪಿಗೆ ಸೇರಿದ್ದು ಹೇಗೆ ಎಂದು ನಿನಗೆ ಆಶ್ಚರ್ಯವಾಗಬಹುದು. ಪ್ರಾಪ್ತಿ ಇಲ್ಲೇ ಬಿ.ಎಸ್ಸಿ. ಎರಡನೇ ವರ್ಷ. ನೀನು ಹೋಗುವಾಗ ಐದು ವರ್ಷದ ಮೂಗುಸುರುಕಿ, ಈಗ ನನಗೇ ಬುದ್ಧಿ ಹೇಳುತ್ತಾಳೆ. ಮಂಗಳ ಗ್ರಹಕ್ಕೆ ಮನುಷ್ಯ ಹೋದರೆ ಹೇಗೆ ಬದುಕಬಹುದು ಎಂದು ನಾನೂರು ಜನ ಫೋನಿನಲ್ಲೇ ಕನ್ನಡದಲ್ಲಿ ಚರ್ಚೆ ಮಾಡುವ ಗುಂಪಿಗೆ ಅವಳು ಸೇರಿ ಎರಡು ವರ್ಷವಾಯಿತು. ನಡೆಸುವವರು ಪಾಣೆಮಂಗಳೂರಿನ ಇರ್ಷಾದ್ ಎಂಬ ಐಟಿಐ ಮೇಷ್ಟ್ರು. 'ಮಂಗಳದಲ್ಲಿ ಮನೆ' ಎಂದು ಹೆಸರಿಟ್ಟದ್ದೂ ಅವರೇ. ಆ ಹೆಸರು ನೋಡಿ ಮಂಗಳೂರಿನಲ್ಲಿ ಬಾಡಿಗೆ ಮನೆ ಹುಡುಕುವವರು ತಿಂಗಳಿಗೆ ಇಬ್ಬರಾದರೂ ಒಳಗೆ ಬಂದು, ಬಾವಿ ಉಂಟಾ, ಬಸ್ ಹತ್ತಿರ ಉಂಟಾ ಎಂದು ಕೇಳುತ್ತಾರೆ. ನೀರಿಗೆ ಸ್ವಲ್ಪ ಕಷ್ಟ, ಬಸ್ಸು ಎರಡು ವರ್ಷಕ್ಕೊಮ್ಮೆ ಎಂದು ಇರ್ಷಾದ್ ಮೇಷ್ಟ್ರು ಗಂಭೀರವಾಗಿ ಉತ್ತರ ಕೊಡುತ್ತಾರೆ. ನಾನು ಮಷೀನು ತುಳಿಯುತ್ತಾ ಅವರ ಮಾತುಗಳನ್ನು ರೇಡಿಯೋ ಕೇಳಿದ ಹಾಗೆ ಕೇಳುತ್ತಿದ್ದೆ. ಅಪ್ಪ ಪಕ್ಕದ ಕುರ್ಚಿಯಲ್ಲಿ ಕೂತು ಗುಂಡಿ ಹಾಕುತ್ತಾ ತಾವೂ ಕೇಳುತ್ತಿದ್ದರು.

ಹೋದ ತಿಂಗಳು ಒಂದು ಮಧ್ಯಾಹ್ನ ದೊಡ್ಡ ವಾದ. ಮಂಗಳದಲ್ಲಿ ಗಾಳಿಯ ಹೊದಿಕೆ ತೆಳು, ಆಕಾಶದಿಂದ ಬೀಳುವ ಕಿರಣಗಳಿಗೆ ಮೈ ಸುಟ್ಟುಹೋಗುತ್ತದೆ, ಹಾಗಾದರೆ ಗಾಜಿನ ಮನೆಯೋ ಲೋಹದ ಮನೆಯೋ ಎಂದು. ಗಂಟೆಗಟ್ಟಲೆ ನಡೆಯಿತು. ಅಪ್ಪ ಸೂಜಿ ನಿಲ್ಲಿಸಿ, "ಇವರಿಗೆಲ್ಲ ಎಂತ ಆಗಿದೆ ಮಾರಾಯ್ತಿ? ಅಲ್ಲಿ ಗುಡ್ಡೆ ಇಲ್ವಾ? ಗುಡ್ಡೆಯ ಹೊಟ್ಟೆಗೆ ಹೋದರೆ ಆಯ್ತಲ್ಲ" ಎಂದರು. ಪ್ರಾಪ್ತಿ ಅದನ್ನು ಹಾಗೇ ಟೈಪ್ ಮಾಡಿ ಹಾಕಿದಳು. ಹತ್ತು ನಿಮಿಷದಲ್ಲಿ ಇರ್ಷಾದ್ ಮೇಷ್ಟ್ರಿಂದ ಪ್ರಶ್ನೆ ಬಂತು: ಇದನ್ನು ಹೇಳಿದವರು ಯಾರು, ಅವರು ಏನು ಕೆಲಸ ಮಾಡುತ್ತಿದ್ದರು? ಅಪ್ಪನಿಗೆ ಫೋನಿನಲ್ಲಿ ಮಾತಾಡಲು ನಾಚಿಕೆ. ಆದ್ದರಿಂದ ನಾನೇ ಮಾತಾಡಿ ಕಳಿಸಿದೆ. ನಮ್ಮಪ್ಪ ಸುಬ್ಬಪ್ಪ, ಬಂಟ್ವಾಳ ತಾಲೂಕಿನ ಗುಡ್ಡಗಳಲ್ಲಿ ಮೂವತ್ತೆಂಟು ಸುರಂಗ ಕೊರೆದವರು ಎಂದು ಶುರು ಮಾಡಿದೆ. ನಿಂತ ಬಾವಿಯಲ್ಲ, ಗುಡ್ಡದ ಬದಿಯಿಂದ ಒಳಕ್ಕೆ ಮಲಗಿದ ಬಾವಿ ಎಂದು ವಿವರಿಸಿದೆ. ಒಬ್ಬ ಬಗ್ಗಿ ನಡೆಯುವಷ್ಟು ಎತ್ತರ, ಒಳಗೆ ಹೋದ ಹಾಗೆ ತುಸು ಏರಬೇಕು, ಆಗ ನೀರು ಪಂಪಿಲ್ಲದೆ ತಾನಾಗಿ ಹೊರಗೆ ಹರಿದು ಬರುತ್ತದೆ ಎಂದೆ. ಯಾವ ಊರಿನವರೋ ಏನೋ, ಸಾಲುಸಾಲಾಗಿ ಚಪ್ಪಾಳೆ ಹಾಕಿದರು.

ಅವತ್ತಿನಿಂದ ನನಗೆ ನಮ್ಮ ಹಳೆಯ ದಿನಗಳದೇ ಗುಂಗು. ಅಮ್ಮ ಹೋದಾಗ ನಿನಗೆ ಎಂಟು, ನನಗೆ ಹದಿನೇಳು. ನಿನ್ನನ್ನು ಮನೆಯಲ್ಲಿ ಒಬ್ಬನೇ ಬಿಡಲಾಗದೆ ರಜೆಯಲ್ಲಿ ಅಪ್ಪನ ಕೆಲಸದ ಜಾಗಕ್ಕೇ ಕರೆದುಕೊಂಡು ಹೋಗುತ್ತಿದ್ದೆವು. ಅಪ್ಪ ಮೊದಲು ಗುಡ್ಡವನ್ನೆಲ್ಲ ಸುತ್ತಿ, ನೀರಿನ ಗುರುತಿಗೆ ಹುತ್ತ ಎಲ್ಲಿದೆ, ಬೇಸಿಗೆಯಲ್ಲೂ ಹಸಿರಿರುವ ಮರ ಯಾವುದು ಎಂದು ನೋಡುತ್ತಿದ್ದರು. ಆಮೇಲೆ ಒಂದು ಕಡೆ ನಿಂತು, "ಇಲ್ಲಿ ಕೇಳುವ" ಎನ್ನುತ್ತಿದ್ದರು. ಗುಡ್ಡವನ್ನು ಕೇಳುವುದು! ಅಗೆದ ಮಣ್ಣನ್ನು ಅಡಿಕೆ ಮರದಿಂದ ಉದುರಿದ ಹಾಳೆಯಲ್ಲಿ ತುಂಬಿ ಹಗ್ಗ ಕಟ್ಟಿ ಎಳೆಯುವುದು ನನ್ನ ಕೆಲಸ, ಖಾಲಿ ಹಾಳೆ ಒಳಗೆ ಹೋಗುವಾಗ ಅದರ ಮೇಲೆ ಕೂತು ಸವಾರಿ ಮಾಡುವುದು ನಿನ್ನ ಕೆಲಸ. ಸಂಜೆ ಮೂವರೂ ತಲೆಯಿಂದ ಕಾಲಿನವರೆಗೆ ಕೆಂಪು. ಸ್ನಾನದ ನೀರು ಬಚ್ಚಲಿನಿಂದ ಕೆಂಪಾಗಿ ಹರಿಯುತ್ತಿತ್ತು. ಆ ಮಣ್ಣಿನ ವಾಸನೆ ನನಗೆ ಈಗಲೂ ಯಾವ ಸೆಂಟಿಗಿಂತ ಇಷ್ಟ. ಮೊದಲ ನೀರು ಸಿಕ್ಕಿದಾಗ ಅಪ್ಪ ಕೈಯಲ್ಲಿ ಹಿಡಿದು ತಂದು ಮೊದಲು ನಿನಗೆ ಕುಡಿಸುತ್ತಿದ್ದರು, ನನಗಲ್ಲ. ಅದಕ್ಕೆ ನನಗೆ ಹೊಟ್ಟೆಕಿಚ್ಚೂ ಇತ್ತು, ಈಗ ಹೇಳುತ್ತಿದ್ದೇನೆ.

ನೀನು ಒಂಬತ್ತನೇ ಕ್ಲಾಸಿನಲ್ಲಿದ್ದಾಗ ಮಂಗಳದ ನೆಲದ ಚಿತ್ರ ಪೇಪರಿನಲ್ಲಿ ಬಂದಿತ್ತು, ನೆನಪಿದೆಯಾ? ಅಮೆರಿಕದವರ ಗಾಡಿ ಇಳಿದು ತೆಗೆದ ಚಿತ್ರ. ನೀನು ಕ್ಷೌರದ ಅಂಗಡಿಯ ಪೇಪರನ್ನು ಹರಿದು ಚಡ್ಡಿಯ ಕಿಸೆಯಲ್ಲಿಟ್ಟು ತಂದಿದ್ದೆ. ಗಂಜಿ ಉಣ್ಣುತ್ತಿದ್ದ ಅಪ್ಪನ ಮುಂದೆ ಬಿಡಿಸಿ ಹಿಡಿದು, "ಅಪ್ಪಾ, ಇಲ್ಲಿ ನಿಮಗೆ ಕೆಲಸ ಉಂಟು" ಎಂದೆ. ಅಪ್ಪ ಕೈ ತೊಳೆದು ಬಂದು ಸುಮಾರು ಹೊತ್ತು ನೋಡಿ, "ಮಣ್ಣು ಒಳ್ಳೆದುಂಟು. ಆದರೆ ಹುತ್ತ ಕಾಣುವುದಿಲ್ಲ" ಎಂದರು. ಆ ವರ್ಷವಿಡೀ ನೀವಿಬ್ಬರೂ ಮಂಗಳದಲ್ಲಿ ಯಾವ ಗುಡ್ಡ ಕೊರೆಯುವುದು ಎಂದು ಮಾತಾಡಿದ್ದೇ ಮಾತಾಡಿದ್ದು. ನನಗೆ ಬೇಸರ ಬಂದು, ಮೊದಲು ಮನೆಯ ಮಾಡಿನ ಹಂಚು ಸರಿ ಮಾಡಿ, ಆಮೇಲೆ ಮಂಗಳಕ್ಕೆ ಹೋಗುವ ಎಂದು ಬೈದಿದ್ದೆ. ಆಗ ನಿಮ್ಮ ಜೊತೆ ಕೂತು ನಾನೂ ನಾಲ್ಕು ಮಾತಾಡಬೇಕಿತ್ತು.

ಗುಂಪಿನ ಸಂಗತಿಗೆ ಬರುತ್ತೇನೆ. ಕಳೆದ ಬುಧವಾರ ಯಾರೋ ಕೇಳಿದರು, ಸುರಂಗದೊಳಗೆ ಗಾಳಿ ಕೆಟ್ಟರೆ ನಿಮ್ಮವರಿಗೆ ಹೇಗೆ ಗೊತ್ತಾಗುತ್ತಿತ್ತು ಎಂದು. ನಾನು, ಎಣ್ಣೆ ದೀಪ ಹಿಡಿದು ಹೋಗುತ್ತಾರೆ, ಜ್ವಾಲೆ ಸಣ್ಣದಾದರೆ ಹೊರಗೆ ಬರುತ್ತಾರೆ, ಮಂಗಳದಲ್ಲೂ ಹಾಗೇ ಮಾಡಬಹುದು ಎಂದೆ. ಫಿದಾ ಎಂಬ ಇಂಜಿನಿಯರಿಂಗ್ ಹುಡುಗಿ ನಗುವ ಮುಖ ಹಾಕಿ, ಆಂಟಿ, ಮಂಗಳದಲ್ಲಿ ದೀಪ ಹೊತ್ತುವುದೇ ಇಲ್ಲ, ಅಲ್ಲಿ ಆಮ್ಲಜನಕ ಎಲ್ಲಿದೆ ಎಂದು ಬರೆದಳು. ಅವಳು ಹೇಳಿದ್ದು ಸರಿ. ಆದರೂ ನನಗೆ ಮುಖ ಎಲ್ಲಿಡುವುದೆಂದು ತಿಳಿಯಲಿಲ್ಲ. ಆಗ, ವರ್ಷಗಟ್ಟಲೆ ಗುಂಪಿನಲ್ಲಿದ್ದೂ ಒಂದಕ್ಷರ ಬರೆಯದ ಕೆಂಪುಧೂಳು ಎಂಬವರು ಎರಡು ಸಾಲು ಬರೆದರು. "ಹೊರಗೆ ಹೊತ್ತಲಿಕ್ಕಿಲ್ಲ. ಮನುಷ್ಯ ಉಸಿರಾಡುವ ಕೋಣೆಯಲ್ಲಿ ಹೊತ್ತುತ್ತದೆ. ಅಲ್ಲಿ ದೀಪ ನಾಚಿದರೆ ಹಿಂದಕ್ಕೆ ಬರಬೇಕು, ಕಾರಣ ಕೇಳುತ್ತಾ ನಿಲ್ಲಬಾರದು."

ದೀಪ ನಾಚುವುದು! ಲೋಕೂ, ನಾನು ಗುಂಪಿನಲ್ಲಿ ಆ ಮಾತನ್ನು ಹೇಳಿಯೇ ಇರಲಿಲ್ಲ. ಸಣ್ಣದಾಗುತ್ತದೆ ಎಂದಷ್ಟೇ ಹೇಳಿದ್ದೆ. ಬೇರೆ ಸುರಂಗದವರು ದೀಪ ಸೊರಗಿತು ಎನ್ನುತ್ತಿದ್ದರು, ಮಂಕಾಯಿತು ಎನ್ನುತ್ತಿದ್ದರು. "ದೀಪ ನಾಚಿತು, ನಡಿ ಹೊರಗೆ" ಎನ್ನುತ್ತಿದ್ದವರು ನಮ್ಮಪ್ಪ ಒಬ್ಬರೇ. ನಾನು ಹೊಲಿಗೆ ನಿಲ್ಲಿಸಿ ಒಳಗೆ ಹೋಗಿ ಅತ್ತೆ. ಹದಿನೈದು ವರ್ಷದಲ್ಲಿ ನೀನು ಬದುಕಿದ್ದೀ ಎಂದು ಖಚಿತವಾಗಿ ಗೊತ್ತಾದದ್ದು ಅವತ್ತೇ.

ಈಗ ಆ ದಿನದ ಮಾತು. ಎತ್ತಬಾರದೆಂದಿದ್ದೆ, ಎತ್ತದೆ ಈ ಪತ್ರಕ್ಕೆ ಅರ್ಥವಿಲ್ಲ. ಬೆಳ್ತಂಗಡಿಯ ಕಡೆ ಆ ಗುಡ್ಡದಲ್ಲಿ ಸುರಂಗ ನೂರು ಅಡಿ ಒಳಗೆ ಹೋಗಿತ್ತು. ನೀನು ಉಜಿರೆಯಿಂದ ತಲೆಗೆ ಕಟ್ಟುವ ಬ್ಯಾಟರಿ ಲೈಟು ತಂದಿದ್ದೆ. ಅಪ್ಪ ಅದನ್ನು ಕಟ್ಟಿಕೊಂಡು ಒಬ್ಬರೇ ಒಳಗೆ ಹೋದರು. ಗಾಳಿ ಕೆಟ್ಟರೂ ಬ್ಯಾಟರಿ ಉರಿಯುತ್ತಲೇ ಇರುತ್ತದೆ, ಅದಕ್ಕೇನು ಗೊತ್ತು? ಪಿಕ್ಕಾಸಿನ ಶಬ್ದ ನಿಂತಿತೆಂದು ನೀನು ಒಳಗೆ ನುಗ್ಗಿ, ಬಿದ್ದಿದ್ದ ಅಪ್ಪನನ್ನು ಮಣ್ಣೆಳೆಯುವ ಹಾಳೆಯ ಮೇಲೆ ಹಾಕಿ ಎಳೆದು ತಂದೆ. ಎಚ್ಚರವಾದ ಮೇಲೆ ಅಪ್ಪ ಜಾಗದ ಧನಿಗಳ ಮುಂದೆ, ಕೆಲಸದವರ ಮುಂದೆ, ನನ್ನ ಮುಂದೆ, "ಇವನ ಬ್ಯಾಟರಿ ನನ್ನನ್ನು ಕೊಲ್ಲುತ್ತಿತ್ತು" ಎಂದರು. ನೀನು ಒಂದು ಮಾತೂ ಆಡಲಿಲ್ಲ. ಇಪ್ಪತ್ತು ದಿನದಲ್ಲಿ ವೀಸಾ ಮಾಡಿಸಿ ಹೊರಟೆ. ಎರಡು ಸಲ ಫೋನ್ ಮಾಡಿದೆ, ಎರಡು ಸಲವೂ ಅಪ್ಪ ಫೋನಿಗೆ ಬರಲಿಲ್ಲ. ಆಮೇಲೆ ನಿನ್ನ ನಂಬರೇ ಇಲ್ಲ.

ನಾನು ಹೇಳಬೇಕೆಂದಿದ್ದದ್ದು ಇಷ್ಟು: ಇಪ್ಪತ್ತು ವರ್ಷದ ಹುಡುಗ ಹೊಸ ಲೈಟು ಆಸೆಪಟ್ಟು ತಂದ, ತಪ್ಪಾಯಿತು. ಅಷ್ಟಕ್ಕೆ ಇಡೀ ಆಯುಷ್ಯ ದೂರ ನಿಲ್ಲಬೇಕಾಗಿಲ್ಲ. ನಾನು ಯಾವತ್ತೋ ಮರೆತಿದ್ದೇನೆ, ಅಪ್ಪನೂ ಮರೆತಿರಬಹುದು. ಕೋಪ ಇದ್ದರೆ ಕೋಪದಲ್ಲೇ ನಾಲ್ಕು ಸಾಲು ಬರೆ. ಇಲ್ಲಿ ಎಲ್ಲ ಬದಲಾಗಿದೆ, ಬಂಟ್ವಾಳದ ರಸ್ತೆ ನಿನಗೆ ಗುರುತೇ ಸಿಗಲಿಕ್ಕಿಲ್ಲ. ಆದರೆ ಅಪ್ಪ ಕೊರೆದ ಸುರಂಗಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಇನ್ನೂ ನೀರು ಕೊಡುತ್ತಿವೆಯಂತೆ. ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ಫೋನಿನಲ್ಲೇ ಗುಂಪಿನ ಸಭೆ ಉಂಟು. ಇರ್ಷಾದ್ ಮೇಷ್ಟ್ರು ಒತ್ತಾಯ ಮಾಡಿ ಅಪ್ಪನನ್ನು ಮಾತಿಗೆ ಒಪ್ಪಿಸಿದ್ದಾರೆ. ನೀನು ಮುಖ ತೋರಿಸುವುದು ಬೇಡ, ಸುಮ್ಮನೆ ಕೇಳು.

ನೀನಿರುವ ಊರು ಯಾವುದೇ ಆಗಲಿ, ಅಲ್ಲಿ ನಿನಗೆ ತಂಪಿರಲಿ. ಪ್ರಾಪ್ತಿ ಮಾವನಿಗೆ ನಮಸ್ಕಾರ ಹೇಳಿದ್ದಾಳೆ. ನಿನ್ನ ಭಾವ ಬಸ್ಸಿನ ಡ್ಯೂಟಿಯಲ್ಲಿದ್ದಾರೆ, ಅವರದನ್ನೂ ನಾನೇ ಸೇರಿಸಿದ್ದೇನೆ.

ನಿನ್ನ ದಾರಿ ನೋಡುವ ಅಕ್ಕ,
ವಿನೋದಾ

ಮರೆತ ಮಾತು: ಅಂಟಿಸುವ ಪತ್ರವಾಗಿದ್ದರೆ ಇಷ್ಟರಲ್ಲಿ ಹೋಗಿಯಾಗಿರುತ್ತಿತ್ತು. ಪ್ರಾಪ್ತಿ ಫೋಟೋ ತೆಗೆಯುವಾಗ ಅಪ್ಪ ಯಾರಿಗೆ ಎಂದು ಕೇಳಿದರು. ಸುಳ್ಳು ಹೇಳಲಾಗದೆ ಮೊದಲಿನಿಂದ ಕೊನೆಯವರೆಗೆ ಓದಿ ಹೇಳಿದೆ. ಬ್ಯಾಟರಿಯ ಸಾಲು ಬಂದಾಗ ಅವರು ಕೈಯಲ್ಲಿದ್ದ ಕೋಟನ್ನು ಕೆಳಗಿಟ್ಟು, "ಅದನ್ನು ಹೊಡೆದು ಹಾಕು" ಎಂದರು. "ಅವ ದೀಪವನ್ನೂ ಹೊತ್ತಿಸಿ ಕೈಗೆ ಕೊಟ್ಟಿದ್ದ. ಎರಡೂ ತೆಕ್ಕೊಂಡು ಹೋಗಿ ಅಪ್ಪಾ ಅಂತ ಎರಡು ಸಲ ಹೇಳಿದ್ದ. ಎರಡೆರಡು ಎಂತಕ್ಕೆ ಅಂತ ನಾನೇ ಬಾಗಿಲಲ್ಲಿ ಆರಿಸಿ ಇಟ್ಟು ಹೋದೆ. ಸುಬ್ಬಪ್ಪ ದೀಪ ಇಲ್ಲದೆ ಒಳಗೆ ಹೋದ ಅಂತ ಜನರಿಗೆ ಗೊತ್ತಾದರೆ ನನ್ನನ್ನು ಮತ್ತೆ ಯಾರು ಕೆಲಸಕ್ಕೆ ಕರೀತಾರೆ? ಹಾಗೆ ಹೇಳಿಬಿಟ್ಟೆ. ಅವ ನನ್ನ ಮರ್ಯಾದೆ ತೆಗೀಲಿಲ್ಲ." ಹದಿನೈದು ವರ್ಷ, ಲೋಕೂ! ನನಗೂ ಒಂದು ಮಾತು ಹೇಳಲಿಲ್ಲವಲ್ಲ ನೀನು. ನಾನೂ ನಿನ್ನನ್ನು ತಪ್ಪುಗಾರ ಎಂದೇ ತಿಳಿದು ಈ ಪತ್ರದಲ್ಲಿ ದೊಡ್ಡ ಮನಸ್ಸು ಮಾಡಿ ಕ್ಷಮಿಸಿದ್ದೇನೆ, ಆ ಸಾಲುಗಳನ್ನು ಹೊಡೆಯದೆ ಬಿಟ್ಟಿದ್ದೇನೆ, ಓದಿ ನಗು. ಭಾನುವಾರ ಸುರಂಗದ ವಿಚಾರ ಹೇಳುವ ಮೊದಲು ಅಪ್ಪ ಇದನ್ನು ಹೇಳುತ್ತಾರಂತೆ. ಅಷ್ಟು ಜನರ ಮುಂದೆ ಬೇಡ ಅಪ್ಪಾ, ಅವನೊಬ್ಬನಿಗೇ ಹೇಳುವ ಎಂದೆ. "ಅವತ್ತು ಹೇಳಿದ್ದು ಜನರ ಮುಂದೆ ಅಲ್ವಾ?" ಎಂದರು. ಬಾ ಮಾರಾಯ, ನೀನಿಲ್ಲದೆ ಉಳಿದ ನಾನೂರು ಜನ ಅದನ್ನು ಕೇಳಿ ಏನು ಮಾಡುವುದು?