ತೊಲೆಯ ವಯಸ್ಸು, ದೊಡ್ಡಮ್ಮನ ಹೆಸರು

ಪ್ರಾಚ್ಯವಸ್ತು ಕಚೇರಿಯ ಮಾನ್ಯ ನಿರ್ದೇಶಕರೇ,

ನಿಮ್ಮ ತಪ್ಪನ್ನು ನೀವು ನನ್ನ ದೊಡ್ಡಮ್ಮ ಬಸಿಲಿಯಾ ತಾರ್ಕಿಯ ತಲೆಗೆ ಕಟ್ಟಿದ್ದೀರಿ. ಕಳೆದ ತಿಂಗಳು ನಮ್ಮ ಊರ ಸಭೆಯಲ್ಲಿ ನಿಮ್ಮ ಕಾಗದವನ್ನು ಗಟ್ಟಿಯಾಗಿ ಓದಿಸಿದಿರಿ: ಮಾದರಿಗಳ ಚೀಲ ಅದಲುಬದಲು ಮಾಡಿದ ಕೂಲಿಯಾಳನ್ನು ಇನ್ನು ಯಾವ ಉತ್ಖನನಕ್ಕೂ ಸೇರಿಸತಕ್ಕದ್ದಲ್ಲ. ಇಪ್ಪತ್ತೆರಡು ವರ್ಷ ಮಂಡಿಯೂರಿ ನಿಮಗಾಗಿ ಮಣ್ಣು ಕೆರೆದವಳಿಗೆ ಆ ಕಾಗದದಲ್ಲಿ ಒಂದು ಹೆಸರೂ ಇರಲಿಲ್ಲ. ಎಂಥ ಔದಾರ್ಯ! ಅಲ್ಲಿದ್ದವರೆಲ್ಲ ತಿರುಗಿ ನೋಡಿದ್ದು ಅವಳನ್ನೇ.

ನಡೆದದ್ದನ್ನು ನೆನಪಿಸುತ್ತೇನೆ. ಊರ ಪಕ್ಕದ ದಿಬ್ಬದಲ್ಲಿ, ಸಾವಿರ ವರ್ಷದ ಹಿಂದೆ ಈ ಎತ್ತರದ ನಾಡನ್ನು ಆಳಿದ ತಿವಾನಾಕು ಸಾಮ್ರಾಜ್ಯ ಮುಗಿದ ಕಾಲದ್ದೆಂದು ನೀವು ಊಹಿಸಿದ ಒಂದು ಸುಟ್ಟ ಮನೆ ಸಿಕ್ಕಿತು. ಕುಸಿದು ಬಿದ್ದ ಕರಕಲು ತೊಲೆ, ಅದರಡಿ ಒಡೆದ ಗಡಿಗೆ, ಗಡಿಗೆಯಲ್ಲಿ ಒಂದು ಹಿಡಿ ಸುಟ್ಟ ಕಿನುವಾ ಕಾಳು. ತೊಲೆಯ ಚೂರು, ಕಾಳು ಎರಡನ್ನೂ ದೊಡ್ಡಮ್ಮ ನನ್ನ ಕಣ್ಣೆದುರೇ ತೆಗೆದಳು. ಎರಡು ಚೀಲಕ್ಕೂ ಚೀಟಿ ಬರೆದವಳು ನಾನು. ಸಾಹಿತ್ಯ ಓದಿದವಳ ಅಕ್ಷರ ದುಂಡಗಿರುತ್ತದೆಂದು ನೀವೇ ನೇಮಿಸಿದ್ದಿರಿ. ನೀವು ತೊಲೆಯನ್ನು ನೋಡಿ ಹಿಗ್ಗಿದಾಗ ದೊಡ್ಡಮ್ಮ ಕೈ ಒರೆಸಿಕೊಳ್ಳುತ್ತಾ ಅಂದಳು:

"ಡಾಕ್ಟ್ರೇ, ಆ ತೊಲೆ ಮಾತು ನಂಬ್ಬೇಡಿ. ಅದು ಮುದುಕ. ಮುದುಕ್ರು ತಮ್ಮ ಕಾಲದ ಕಥೇನೇ ಹೇಳೋದು. ಕಾಳನ್ನ ಕೇಳಿ, ಅದು ಆ ವರ್ಷದ ಸುಗ್ಗೀದು."

"ಏನಮ್ಮಾ, ನೀನ್ಯಾವಾಗ ಪ್ರಯೋಗಾಲಯ ಇಟ್ಟೆ?" ಎಂದಿರಿ ನೀವು.

"ಅದನ್ನ ಇಟ್ಟಿಲ್ಲ, ಡಾಕ್ಟ್ರೇ. ಮನೆ ಕಟ್ಟಿದೀನಿ, ಮೂರು."

ಎಲ್ಲರೂ ನಕ್ಕರು, ನೀವೂ ನಕ್ಕಿರಿ. ಅರ್ಥ ಮಾಡಿಕೊಂಡಿದ್ದರೆ ಇವತ್ತು ಈ ಪತ್ರ ಬೇಕಿರಲಿಲ್ಲ.

ಇಂಗಾಲ ಅಳೆದು ವಯಸ್ಸು ಹೇಳುವ ಪ್ರಯೋಗಾಲಯದಿಂದ ತೊಲೆಯ ಫಲಿತಾಂಶ ಮೊದಲು ಬಂತು. ನೀವು ಪತ್ರಿಕೆಯವರನ್ನು ಕರೆದು, ಸಾಮ್ರಾಜ್ಯ ಎಲ್ಲರೂ ತಿಳಿದಿದ್ದಕ್ಕಿಂತ ಇನ್ನೂರೈವತ್ತು ವರ್ಷ ಮೊದಲೇ ಕುಸಿಯಿತೆಂದು ಸಾರಿದಿರಿ. ಆಮೇಲೆ ಕಾಳಿನ ಫಲಿತಾಂಶ ಬಂತು. ಅದು ತೊಲೆಗಿಂತ ಇನ್ನೂರೈವತ್ತು ವರ್ಷ ಚಿಕ್ಕದು. ಕೂಡಲೇ ಚೀಲ ಅದಲುಬದಲಾಗಿದೆ ಎಂದುಬಿಟ್ಟಿರಿ. ಆಡಿದ ಮಾತು ನುಂಗುವುದಕ್ಕಿಂತ ಒಬ್ಬ ಮುದುಕಿಯನ್ನು ನುಂಗುವುದು ಸುಲಭವಾಗಿ ಕಂಡಿತೇ?

ಇಂಗಾಲ ಸುಳ್ಳು ಹೇಳಲಿಲ್ಲ, ಸ್ವಾಮಿ. ಮರದ ಆ ಪದರ ಬೆಳೆದು ಎಷ್ಟು ಕಾಲವಾಯಿತೆಂದು ಅದು ಹೇಳಿತು, ಅಷ್ಟೆ. ಮನೆ ಯಾವಾಗ ಸುಟ್ಟಿತೆಂದು ಅದಕ್ಕೇನು ಗೊತ್ತು? ಕಣ್ಣು ಹಾಯುವಷ್ಟು ದೂರ ಹುಲ್ಲು ಮತ್ತು ಗಾಳಿ ಇರುವ ಈ ಎತ್ತರದಲ್ಲಿ ಮರವೆಲ್ಲಿದೆ? ತೊಲೆಯನ್ನು ಕಣಿವೆಯಿಂದ ಹೊತ್ತು ತರಬೇಕು. ತಂದದ್ದನ್ನು ಯಾರೂ ಬಿಡುವುದಿಲ್ಲ. ಮನೆ ಬಿದ್ದರೆ ತೊಲೆ ಮಗನ ಮನೆಗೆ ಹೋಗುತ್ತದೆ, ಅಲ್ಲಿಂದ ಮೊಮ್ಮಗಳ ಮನೆಗೆ. ನಮ್ಮ ಒಲೆಯಲ್ಲಿ ಉರಿಯುವುದು ನಾವು ಸಾಕುವ ಲಾಮಾ ಪ್ರಾಣಿಗಳ ಸಗಣಿ. ತೊಲೆಯನ್ನು ಒಲೆಗಿಟ್ಟವನಿಗೆ ಹುಚ್ಚೆಂದು ಇಲ್ಲಿನ ಮಕ್ಕಳೂ ಹೇಳುತ್ತಾರೆ. ಇಷ್ಟು ತಿಳಿಯಲು ದಿಬ್ಬ ಅಗೆಯಬೇಕಿರಲಿಲ್ಲ. ನಮ್ಮ ಮನೆಯಲ್ಲಿ ಊಟಕ್ಕೆ ಕೂತಾಗ ತಲೆಯೆತ್ತಿ ಮಾಡಿನ ತೊಲೆ ನೋಡಿದ್ದರೆ ಸಾಕಿತ್ತು.

ಈಗ ಸಂತೆಯಲ್ಲಿ ಆಲೂಗಡ್ಡೆ ಮಾರುವ ಹೆಂಗಸರು, "ಬಸಿಲಿಯಾ, ನಿನ್ನ ಚೀಲ ನನ್ನದರ ಪಕ್ಕ ಇಡ್ಬೇಡ ಕಣೇ, ಅದಲುಬದಲಾದೀತು!" ಎಂದು ನಗುತ್ತಾರೆ. ಅವಳೂ ನಗುತ್ತಾಳೆ. "ಬಾಯಿ ಅದಲುಬದಲಾಗದಿದ್ರೆ ಸಾಕು" ಎನ್ನುತ್ತಾಳೆ. ಆದರೆ ಎರಡು ವಾರದಿಂದ ಅವಳು ಸಂತೆಗೆ ಹೋಗಿಲ್ಲ. ದಿಬ್ಬದಲ್ಲಿ ಮಣ್ಣು ಗುಡಿಸುತ್ತಿದ್ದ ತನ್ನ ಕುಂಚವನ್ನು ಈಗ ಕೋಳಿಗೂಡಿಗೆ ಬಳಸುತ್ತಿದ್ದಾಳೆ.

ನನ್ನ ಬೇಡಿಕೆ ಚಿಕ್ಕದು. ಅದೇ ಸಭೆಗೆ ನೀವೇ ಬನ್ನಿ. ಅದೇ ಗಟ್ಟಿ ದನಿಯಲ್ಲಿ, ಈ ಸಲ ಹೆಸರು ಹಿಡಿದು, ಬಸಿಲಿಯಾ ತಾರ್ಕಿ ಯಾವ ಚೀಲವನ್ನೂ ಬದಲಿಸಿಲ್ಲವೆಂದು ಓದಿ.

ನಂಬಿಕೆ ಬಾರದಿದ್ದರೆ ಆಗಸ್ಟ್‌ನಲ್ಲಿ ನಮ್ಮ ಮನೆಗೆ ಬನ್ನಿ. ಹಳೆಯದನ್ನು ಕೆಡವಿ ಹೊಸದು ಕಟ್ಟುತ್ತಿದ್ದೇವೆ. ಗೋಡೆ ಇನ್ನೂ ಹಸಿ. ಮೇಲೇರುವುದು ನನ್ನ ಅಜ್ಜನ ಮುತ್ತಜ್ಜ ಹೊತ್ತು ತಂದ ತೊಲೆ. ಒಂದು ಚೂರು ಕತ್ತರಿಸಿಕೊಳ್ಳಿ. ದೊಡ್ಡಮ್ಮ ಚೀಲ ಹಿಡಿಯುತ್ತಾಳೆ, ಚೀಟಿ ನಾನು ಬರೆಯುತ್ತೇನೆ. ಫಲಿತಾಂಶ ಬಂದ ಮೇಲೆ, ಈ ಮನೆ ಎಂದೋ ಕುಸಿದುಹೋಗಿದೆ ಎಂದು ಪತ್ರಿಕೆಯವರಿಗೆ ಸಾರಿ. ನಾವು ಒಳಗೆ ಊಟ ಮಾಡುತ್ತಿರುತ್ತೇವೆ.

ಇಂತಿ,
ಎರಡು ಚೀಲಕ್ಕೂ ಚೀಟಿ ಬರೆದಿದ್ದರೂ ಆ ಸಭೆಯಲ್ಲಿ ಬಾಯಿ ಬಿಡದೆ ಕೂತಿದ್ದವಳು,
ಡೆಲ್ಫಿನಾ ತಾರ್ಕಿ