ಎಡಚಿ ಹಾಕಿದ ಗಂಟು

ಭಾನುವಾರ, ಇಪ್ಪತ್ತೊಂದನೇ ತಾರೀಖು

ನನ್ನ ಗುಂಡಮ್ಮ,

ಆಫೀಸಿನಲ್ಲಿ ನಿನ್ನನ್ನು ಎಲ್ಲರೂ ಮೇಡಂ ಎನ್ನುತ್ತಾರಂತೆ. ಅನ್ನಲಿ, ನನಗೆ ಮಾತ್ರ ನೀನು ಗುಂಡಮ್ಮನೇ. ನನ್ನ ಹುಟ್ಟುಹಬ್ಬಕ್ಕೆಂದು ನೀನು ಕಳಿಸಿದ ಬ್ಯಾಗು ಮಂಗಳವಾರ ತಲುಪಿತು. ಫೋನಿನಲ್ಲಿ ನೀನು ಮೂರು ಸಲ "ಹೇಗಿದೆಯಮ್ಮಾ?" ಎಂದು ಕೇಳಿದರೂ "ಚೆನ್ನಾಗಿದೆ" ಎಂದಷ್ಟೇ ಹೇಳಿ ಇಟ್ಟುಬಿಟ್ಟೆ. ನಿನಗೆ ಬೇಸರವಾಗಿರುತ್ತದೆ. ಆದರೆ ಫೋನಿನಲ್ಲಾದರೆ ನೀನು ಮಧ್ಯೆ ಬಾಯಿ ಹಾಕುತ್ತೀಯ, ನಾನು ಅತ್ತುಬಿಡುತ್ತೇನೆ. ಅದಕ್ಕೇ ಬರೆಯುತ್ತಿದ್ದೇನೆ. ಪೂರ್ತಿ ಓದಿ ಆಮೇಲೆ ಮಾತಾಡು.

ಮೊದಲು ನನ್ನದೊಂದು ಸುಳ್ಳನ್ನು ಒಪ್ಪಿಕೊಳ್ಳಬೇಕು. ಶಾಲೆ ಮಕ್ಕಳ ಬ್ಯಾಗು ಹೊಲಿಯುತ್ತೇನೆ ಎಂದು ಒಂಬತ್ತು ವರ್ಷದಿಂದ ನಿನಗೆ ಹೇಳಿಕೊಂಡು ಬಂದಿದ್ದೇನಲ್ಲ, ಅದು ಮೊದಲ ವರ್ಷ ಮಾತ್ರ ನಿಜ. ಆಮೇಲೆ ನಮ್ಮ ಮಾಲೀಕ ದೊಡ್ಡ ದೊಡ್ಡ ಕಂಪನಿಗಳ ಹೆಸರು ಹಾಕಿ ನಕಲಿ ಬ್ಯಾಗು ಮಾಡಿಸತೊಡಗಿದ. ಬಣ್ಣದಂಗಡಿಯ ಹಿಂದಿನ ಮೆಟ್ಟಿಲು ಹತ್ತಿದರೆ ಬೋರ್ಡಿಲ್ಲದ ಉದ್ದನೆಯ ಕೋಣೆ. ಅಲ್ಲಿ ನಾವು ಹದಿನಾಲ್ಕು ಹೆಂಗಸರು. ರೆಕ್ಸಿನ್ನಿಗೆ ಅಂಟು ಬಳಿಯುವುದು, ಲೈನಿಂಗ್ ಕೂರಿಸುವುದು, ಬಕಲ್ ಬಡಿಯುವುದು. ಅಂಟಿನ ವಾಸನೆಗೆ ಹೊಸಬರಿಗೆ ತಲೆ ಗಿರ್ರೆನ್ನುತ್ತದೆ. ತಿಂಗಳು ಕಳೆದರೆ ವಾಸನೆಯೇ ತಿಳಿಯುವುದಿಲ್ಲ.

ನೀನು ಕಳಿಸಿದ ಬ್ಯಾಗನ್ನು ತೆರೆದಾಗ ಅಭ್ಯಾಸಬಲದಿಂದ ನನ್ನ ಕೈ ನೇರವಾಗಿ ಲೈನಿಂಗಿನ ತಳಕ್ಕೆ ಹೋಯಿತು. ಆ ಮೂಲೆಯಲ್ಲಿ ಕೈಹೊಲಿಗೆ ಮುಗಿಸಿ ನಾವೆಲ್ಲ ಗಂಟನ್ನು ಬಲಕ್ಕೆ ಎಳೆಯುತ್ತೇವೆ. ಇದರಲ್ಲಿ ಗಂಟು ಎಡಕ್ಕಿತ್ತು. ಹಾಗೆ ಹಾಕುವವಳು ನಮ್ಮಲ್ಲಿ ಒಬ್ಬಳೇ. ಎಡಗೈಯಲ್ಲೇ ಎಲ್ಲ ಮಾಡುತ್ತಾಳೆಂದು ಅವಳನ್ನು ನಾವು ಎಡಚಿ ಎಂದೇ ಕರೆಯುವುದು. ಅವಳು ಬಾಯಿ ತೆರೆದರೆ ಕೋಣೆಗೆ ಕೋಣೆಯೇ ನಗುತ್ತಿತ್ತು.

ಹೋದ ವರ್ಷ ಅವಳ ಕಾಲ್ಬೆರಳು ಜುಮ್ಮೆನ್ನತೊಡಗಿತು. ಒಂದು ದಿನ ಮೆಟ್ಟಿಲ ಮೇಲೆ ಚಪ್ಪಲಿ ಕಳಚಿ ಬಿದ್ದರೂ ಗೊತ್ತಾಗದೆ ಬರಿಗಾಲಲ್ಲೇ ಒಳಗೆ ಬಂದಳು. ಎಲ್ಲರೂ ನಕ್ಕೆವು, ನಾನೂ ನಕ್ಕೆ. ಮುಂದಿನ ತಿಂಗಳು ಮೊಣಕಾಲು ಕುಸಿಯಿತು. ಈಗ ಗೋಡೆ ಹಿಡಿಯದೆ ಬಚ್ಚಲಿಗೂ ಹೋಗಲಾರಳು. ಗಂಡ ಅವಳನ್ನು ಎತ್ತಿಕೊಂಡೇ ಮನೆಯ ಮೆಟ್ಟಿಲು ಇಳಿಸುತ್ತಾನೆ.

ಆಸ್ಪತ್ರೆಗೆ ಜೊತೆಯಲ್ಲಿ ಹೋದವಳು ನಾನೇ. ಡಾಕ್ಟರು "ಏನು ಕೆಲಸ ಮಾಡ್ತೀಯಮ್ಮ?" ಎಂದು ಕೇಳಿದಾಗ ಅವಳು "ಮನೆಕೆಲಸ" ಎಂದಳು. "ಬಾಯಿ ಬಿಟ್ರೆ ಮೊದಲು ಜೈಲಿಗೆ ಹೋಗೋರು ನೀವೇ" ಎಂದು ಮಾಲೀಕ ಹೆದರಿಸಿದ್ದ. ನಾನು ನೆಲ ನೋಡುತ್ತಾ ಕೂತೆ. ಕಾಯಿಲೆ ಏನೆಂದು ಗೊತ್ತಾಗದೆ ಆರು ತಿಂಗಳು ಕಳೆಯಿತು.

ಬುಧವಾರ ನಿನ್ನ ಬ್ಯಾಗು ಹಿಡಿದುಕೊಂಡು ಅವಳ ಮನೆಗೆ ಹೋದೆ. ಅವಳು ಒಳಗೆ ಬೆರಳಾಡಿಸಿದ್ದೇ ತಡ, "ಅಯ್ಯೋ ಅಕ್ಕ, ಇದು ನಂದೇ!" ಎಂದು ನಕ್ಕಳು. ಆಮೇಲೆ "ಯಾರು ತಗೊಂಡಿದ್ದು?" ಎಂದಳು. ನನ್ನ ಮಗಳು ಎಂದೆ. ಬ್ಯಾಗನ್ನು ಮಡಿಲಲ್ಲಿಟ್ಟುಕೊಂಡು, "ಅವಳಿಗೆ ಇಷ್ಟ ಆಯ್ತಾ?" ಎಂದು ಕೇಳಿದಳು.

ಅವಳ ಮುಖದಲ್ಲಿ ಕೋಪ ಹುಡುಕಿದೆ ಗುಂಡಮ್ಮ. ಇರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು.

ಗುರುವಾರ ಕೆಲಸಕ್ಕೆ ಹೋಗಲಿಲ್ಲ. ಅವಳನ್ನು ಮತ್ತೆ ಅದೇ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವರು ಪೆನ್ನು ಕೆಳಗಿಟ್ಟು, "ಇದನ್ನ ಮೊದಲೇ ಹೇಳಬಾರದಿತ್ತೇನಮ್ಮ?" ಎಂದರು. ಅಂಟಿನ ಆವಿ ನರಗಳನ್ನು ತಿಂದಿದೆಯಂತೆ. ಅದರಿಂದ ದೂರವಿದ್ದರೆ ನಿಧಾನಕ್ಕೆ ಚೇತರಿಸಿಕೊಳ್ಳಬಹುದು, ಪೂರ್ತಿ ಸರಿಹೋಗುತ್ತದೆಂದು ಹೇಳಲಾಗದು ಎಂದರು.

ಶುಕ್ರವಾರ ಮಾಲೀಕನ ಮುಂದೆ ನಿಂತೆ. ಅವಳ ಚಿಕಿತ್ಸೆ ನೋಡಿಕೊಳ್ಳಬೇಕು ಎಂದೆ. ಅವನು ತಲೆಯನ್ನೂ ಎತ್ತದೆ, "ಯಾವ ಎಡಚಿ? ಆ ಥರ ಯಾರೂ ನಮ್ಮಲ್ಲಿ ಕೆಲಸ ಮಾಡಿಲ್ಲ" ಎಂದ. ಹೌದಲ್ಲ! ಬ್ಯಾಗುಗಳಿಗೇ ಲೆಕ್ಕವಿಲ್ಲದ ಕಡೆ ಮಾಡಿದವರ ಹೆಸರು ಯಾವ ಪುಸ್ತಕದಲ್ಲಿರುತ್ತದೆ?

ನಿನ್ನೆ ಕಾರ್ಮಿಕ ಇಲಾಖೆಯ ಕಚೇರಿಗೆ ಹೋದೆ. ಅಲ್ಲಿನ ಅಧಿಕಾರಿ, "ಆಕೆ ಅಲ್ಲಿ ಕೆಲಸ ಮಾಡಿದ್ದಕ್ಕೆ ಸಾಕ್ಷಿ ಏನಿದೆ?" ಎಂದರು. ಬ್ಯಾಗನ್ನು ಮೇಜಿನ ಮೇಲಿಟ್ಟು, ಲೈನಿಂಗನ್ನು ಹೊರಕ್ಕೆ ಮಗುಚಿ ಆ ಗಂಟನ್ನು ತೋರಿಸಿದೆ. "ಇದು ಸಾಲದಿದ್ರೆ ನಾನಿದ್ದೀನಿ ಸಾರ್, ಎಂಟು ವರ್ಷ ಅದನ್ನೇ ಹೊಲಿದೋಳು." ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು. "ನಿಮ್ಮ ಮೇಲೂ ಕೇಸಾಗಬಹುದು, ಗೊತ್ತಾ?" "ಗೊತ್ತು. ಬರ್ಕೊಳ್ಳಿ."

ನಾಳೆ ನನ್ನ ಹೇಳಿಕೆಗೆ ಸಹಿ ಹಾಕಬೇಕು. ಇನ್ನಿಬ್ಬರು ಜೊತೆಗೆ ಬರುತ್ತೇವೆ ಎಂದಿದ್ದಾರೆ. ಉಳಿದವರು ಮುಖ ತಿರುಗಿಸಿದ್ದಾರೆ. ಬಕಲ್ ಬಡಿಯುವವಳಂತೂ ಬೀದಿಯಲ್ಲೇ ನಿಲ್ಲಿಸಿ "ನಮ್ಮ ಹೊಟ್ಟೆ ಮೇಲೆ ಹೊಡೀತೀಯಲ್ಲ, ನಿಂಗೇನು, ಮಗಳು ದುಡೀತಾಳೆ" ಎಂದಳು. ಅವಳ ಮಾತು ಸುಳ್ಳಲ್ಲ. ಆದರೂ ಹೋಗುತ್ತೇನೆ.

ಈಗ ನಿನ್ನ ವಿಷಯ. "ಅಸಲಿ ಥರಾನೇ ಇದೆ, ಆಫೀಸಿನ ಫ್ರೆಂಡ್ಸಿಗೂ ಹತ್ತು ತರಿಸ್ತಿದೀನಿ" ಎಂದು ಬ್ಯಾಗಿನ ಜೊತೆ ಚೀಟಿ ಇಟ್ಟಿದ್ದೀಯ. ತರಿಸಬೇಡ. ತರಿಸಲು ಹೇಳಿಬಿಟ್ಟಿದ್ದರೆ ಈ ಪತ್ರ ಸಿಕ್ಕಿದ ದಿನವೇ ಬೇಡವೆನ್ನು. ಆಫೀಸಿನವರು ಏಕೆ ಎಂದು ಕೇಳಿದರೆ ಎಡಚಿಯ ವಿಷಯ ಹೇಳು, ನನ್ನ ಅಮ್ಮ ಅಲ್ಲೇ ಕೆಲಸ ಮಾಡುತ್ತಿದ್ದಳು ಎಂದೂ ಹೇಳು. ನಾಚಿಕೆಯಾದರೆ ಆಗಲಿ. ಈ ಬ್ಯಾಗನ್ನು ಯಾರಿಂದ ಕೊಂಡೆ, ಎಲ್ಲಿ ಕೊಂಡೆ ಎಂಬುದನ್ನೂ ಬರೆದು ಕಳಿಸು. ಅಧಿಕಾರಿಗೆ ಅದು ಬೇಕಂತೆ. ನಿನ್ನನ್ನು ಬೈಯುತ್ತಿದ್ದೇನೆ ಎಂದುಕೊಳ್ಳಬೇಡ ಮಗಳೇ. ಇಂಥ ಬ್ಯಾಗುಗಳೇ ನಿನ್ನನ್ನು ಓದಿಸಿದ್ದು. ಬೈಯುವ ಬಾಯಿ ನನಗೆಲ್ಲಿದೆ?

ನಿನ್ನ ಉಡುಗೊರೆ ಈಗ ಆ ಕಚೇರಿಯ ಕಪಾಟಿನಲ್ಲಿದೆ. ಹೊತ್ತಿಗೆ ಸರಿಯಾಗಿ ಊಟ ಮಾಡು.

ನಾಳೆ ಸಹಿ ಹಾಕಲು ಹೊರಟಿರುವ,
ನಿನ್ನ ಅಮ್ಮ

ಮರೆತ ಮಾತು: ಮರೆತದ್ದೇನಲ್ಲ, ಬರೆಯಲು ಧೈರ್ಯ ಬಂದಿರಲಿಲ್ಲ. "ಎಲ್ಲರೂ ಅದೇ ಕೋಣೆಯಲ್ಲಿದ್ದರೂ ನಿನಗೆ ಹೇಗೆ ಏನೂ ಆಗಲಿಲ್ಲಮ್ಮಾ?" ಎಂದು ನೀನು ಕೇಳುತ್ತೀಯ. ಎರಡು ವರ್ಷದ ಹಿಂದೆ ಅಂಟಿನ ಡಬ್ಬಿಯ ಮುಂದೆ ಕೂರುತ್ತಿದ್ದವಳು ನಾನು. ತಲೆನೋವು ತಡೆಯಲಾರದೆ, "ನೀನು ಚಿಕ್ಕವಳು, ತಡ್ಕೋತೀಯ" ಎಂದು ಎಡಚಿಯನ್ನು ನನ್ನ ಜಾಗದಲ್ಲಿ ಕೂರಿಸಿ ನಾನು ಬಾಗಿಲ ಪಕ್ಕಕ್ಕೆ ಹೋದೆ. ಅವಳು ಡಬ್ಬಿಯನ್ನು ತನ್ನ ಕಡೆಗೆ ಎಳೆದುಕೊಂಡಳು. ಅದನ್ನು ಅವಳು ಮರೆತಿರಬಹುದು. ಇವತ್ತು ಸಂಜೆ ಅವಳ ಮನೆಗೆ ಹೋಗಿ ನಾನೇ ನೆನಪಿಸುತ್ತೇನೆ. ನಾಳೆಯ ಹೇಳಿಕೆಯಲ್ಲೂ ಅದನ್ನು ಬರೆಸುತ್ತೇನೆ.