ಡ್ರಾಯಿಂಗ್‌ನಲ್ಲಿ ಇದ್ದ ಹಾಗೇ

ಶೆಟ್ಟಿಹಳ್ಳಿ, ತುಮಕೂರು
೧೨-೨-೨೦೨೫

ಅಳಿಯಂದಿರಾದ ಗುರುಪ್ರಕಾಶ್ ಅವರಿಗೆ ಮಾವ ಸದಾಶಿವಯ್ಯನ ಆಶೀರ್ವಾದಗಳು.

ಕೊಯಮತ್ತೂರಿನ ಊಟ ಒಗ್ಗಿತೇ? ಟ್ರೈನಿಂಗ್‌ನಲ್ಲಿ ಕೆಮ್ಮು ಹಿಡಿದಿದೆಯೆಂದು ರೂಪಶ್ರೀ ಹೇಳಿದಳು, ಬಿಸಿನೀರು ಕುಡಿಯಿರಿ. ನಿಮ್ಮ ಅತ್ತೆ ಕಲ್ಲಮ್ಮನ ಮಂಡಿನೋವು ಹಾಗೇ ಇದೆ. ನಾನೂ ನನ್ನ ಲೇತೂ ಚೆನ್ನಾಗಿದ್ದೇವೆ. ಫೋನಿನಲ್ಲಿ ನೀವು ನನಗೆ ಮಾತು ಮುಗಿಸಲು ಬಿಡುವುದಿಲ್ಲವಾದ್ದರಿಂದ ಈ ಕಾಗದ.

ಕೈ ಉಳುಕಿದೆ ಎಂದು ರೂಪಶ್ರೀ ನಿಮಗೆ ಹೇಳಿದಳಂತೆ. ಉಳುಕಿಲ್ಲ, ಬಲಗೈ ಮಣಿಕಟ್ಟಿನ ಮೂಳೆ ಮುರಿದಿದೆ. ಭಾನುವಾರ ಬೆಳಿಗ್ಗೆ ಕುಣಿಗಲ್ ಕೆರೆ ಏರಿಯ ಹಿಂದಿನ ರಸ್ತೆಯಲ್ಲಿ ಕಾಲೇಜಿನ ಹುಡುಗರಿಗೆ ಓಡಿಸಿ ತೋರಿಸಲೆಂದು ನೀವು ಮಾಡಿದ ಕರೆಂಟಿನ ಸ್ಕೇಟ್‌ಬೋರ್ಡ್ ಹತ್ತಿದ್ದಾಳೆ, ಅದು ಓಡುವುದನ್ನು ವೀಡಿಯೊ ಮಾಡಿ ನಿಮಗೆ ಕಳುಹಿಸೋಣವೆಂದು. ಇಪ್ಪತ್ತು ಮಾರು ಹೋಗುವಷ್ಟರಲ್ಲಿ ಮೋಟರ್ ಹಿಡಿದಿದ್ದ ಮೌಂಟ್ ಚಕ್ರದ ಅಚ್ಚಿನ ಮೇಲೆ ಗಿರ್ರನೆ ತಿರುಗಿ, ಬೆಲ್ಟ್ ಸಿಕ್ಕಿಕೊಂಡಿತು. ಚಕ್ರ ನಿಂತಿತು, ನನ್ನ ಮಗಳು ನಿಲ್ಲಲಿಲ್ಲ. ಆರು ವಾರ ಪ್ಲಾಸ್ಟರ್. ನೀವು ಗಾಬರಿಯಾಗುತ್ತೀರೆಂದು ಸುಳ್ಳು ಹೇಳಿದಳಂತೆ. ನಿಮಗೆ ಸ್ವಲ್ಪ ಗಾಬರಿಯಾದರೆ ಒಳ್ಳೆಯದೇ.

ಗುಬ್ಬಿ ಹತ್ತಿರದ ಕಾಲೇಜಿನಲ್ಲಿ ಮೆಷಿನ್ ಡಿಸೈನ್ ಪಾಠ ಹೇಳುವವರು ನೀವು. ನನ್ನದು ಎಸ್ಸೆಸ್ಸೆಲ್ಸಿ ಫೇಲು, ಮೂವತ್ತೆಂಟು ವರ್ಷ ಲೇತು. ನೀವು ಕೊಟ್ಟ ಮೌಂಟಿನ ಡ್ರಾಯಿಂಗ್ ಮೂರು ಬಣ್ಣದಲ್ಲಿತ್ತು. ಮೂಲೆಯಲ್ಲಿ ಬರೆದವರು ಎಂಬಲ್ಲಿ ನಿಮ್ಮ ಹೆಸರು, ಒಪ್ಪಿದವರು ಎಂಬಲ್ಲೂ ನಿಮ್ಮದೇ ಹೆಸರು. ಬೇರೆ ಯಾರು ತಾನೇ ಒಪ್ಪಿಯಾರು? ಆ ಅಚ್ಚನ್ನು ಒಂದು ಸಲ ಬೆರಳಿನಿಂದ ಸವರಿದ್ದರೂ ಅದು ಪೂರ್ತಿ ದುಂಡಗಿಲ್ಲ, ಒಂದು ಬದಿ ಚಪ್ಪಟೆ ಎಂದು ಗೊತ್ತಾಗುತ್ತಿತ್ತು. ನೀವು ಅದಕ್ಕೆ ದುಂಡು ತೂತು ಬರೆದು, ಜಾರದಿರಲೆಂದು ಕಡಲೆಬೀಜದಷ್ಟು ಸ್ಕ್ರೂ ಇಟ್ಟಿರಿ. ಮೋಟರ್ ಚಕ್ರವನ್ನು ಮಾತ್ರ ತಿರುಗಿಸುವುದಿಲ್ಲ ಸ್ವಾಮಿ, ತನ್ನನ್ನು ಹಿಡಿದುಕೊಂಡಿರುವುದನ್ನೂ ತಿರುಗಿಸಲು ನೋಡುತ್ತದೆ. ಇದನ್ನು ನಿಮ್ಮ ಪುಸ್ತಕದಲ್ಲಿ ಯಾವ ಪುಟದಲ್ಲಿ ಹಾಕಿದ್ದಾರೋ! ಬೆಲ್ಟ್ ಬಿಗಿ ಮಾಡಲು ಮೋಟರನ್ನು ಹಿಂದೆ ಮುಂದೆ ಎಳೆಯುವ ದಾರಿಯೂ ಅದರಲ್ಲಿರಲಿಲ್ಲ. ಇದನ್ನೆಲ್ಲ ಕೇಳೋಣವೆಂದು ಅವತ್ತು ಫೋನ್ ಮಾಡಿದರೆ, "ಮಾವ, ಡ್ರಾಯಿಂಗ್‌ನಲ್ಲಿ ಇರೋ ಹಾಗೇ ಮಾಡ್ಬಿಡಿ, ನೀವು ತಲೆ ಓಡಿಸೋಕೆ ಹೋಗ್ಬೇಡಿ" ಎಂದಿರಿ. ನಿಮ್ಮ ಅತ್ತೆಗೂ ಕೇಳಿಸಿತು. ನಾನು ಮಾಡಿಕೊಟ್ಟದ್ದನ್ನು ಬೋರ್ಡಿಗೆ ಕೂರಿಸಿ, ಒಂದು ಸಲವೂ ಓಡಿಸಿ ನೋಡದೆ ಮಾರನೆಯ ದಿನ ರೈಲು ಹತ್ತಿದಿರಿ.

ಸೋಮವಾರ ಬೋರ್ಡನ್ನು ಕುಣಿಗಲ್ಲಿನ ನಿಮ್ಮ ಮನೆಯಿಂದ ಬಸ್ಸಿನಲ್ಲಿ ಇಲ್ಲಿಗೆ ತಂದೆ. ಇದೇನೆಂದು ಕಂಡಕ್ಟರ್ ಕೇಳಿದ. ನಮ್ಮ ಅಳಿಯಂದಿರ ಸಂಶೋಧನೆ ಎಂದೆ. ಪಾಪ, ಮತ್ತೇನೂ ಕೇಳದೆ ಟಿಕೆಟ್ ಕೊಟ್ಟ. ರಟ್ಟು ಕತ್ತರಿಸಿ ಅಚ್ಚಿನ ಆಕಾರ ತೆಗೆದುಕೊಂಡು, ಅದರಂತೆ ಅಲ್ಯೂಮಿನಿಯಂ ತುಂಡನ್ನು ಅರದಲ್ಲಿ ಉಜ್ಜಿ, ಎರಡು ಹೋಳಿನ ಮೌಂಟ್ ಮಾಡಿದ್ದೇನೆ. ನಾಲ್ಕು ಬೋಲ್ಟ್ ಬಿಗಿದರೆ ಚಪ್ಪಟೆಗೆ ಚಪ್ಪಟೆ ಕೂರುತ್ತದೆ, ಅಲುಗುವುದಿಲ್ಲ. ಮೋಟರಿನ ತೂತುಗಳನ್ನು ಉದ್ದಕ್ಕೆ ತೆಗೆದಿದ್ದೇನೆ, ಬೆಲ್ಟ್ ಎಷ್ಟು ಬೇಕೋ ಅಷ್ಟು ಎಳೆದುಕೊಳ್ಳಬಹುದು. ಡ್ರಾಯಿಂಗ್ ಇಲ್ಲ, ಬಣ್ಣವೂ ಇಲ್ಲ. ಬೇಕಿದ್ದರೆ ನೀವೇ ಇದನ್ನು ನೋಡಿ ಒಂದು ಬರೆದು, ಒಪ್ಪಿದವರು ಎಂಬಲ್ಲಿ ಸಹಿ ಹಾಕಿಕೊಳ್ಳಿ.

ಅಳಿಯಂದಿರಿಗೆ ಹೀಗೆಲ್ಲ ಬರೆಯಬಾರದೆಂದು ನಿಮ್ಮ ಅತ್ತೆ ಎರಡು ಸಲ ಹೇಳಿಹೋದಳು. ಶಿವನು ನಿಮಗೆ ಆಯುರಾರೋಗ್ಯ ಕೊಡಲಿ, ಜೊತೆಗೆ ಅಳತೆ ನೋಡಿ ಬರೆಯುವ ಬುದ್ಧಿಯನ್ನೂ.

ನಿಮ್ಮ ಮಾವ,
ಸದಾಶಿವಯ್ಯ

ವಿ.ಸೂ.: ಲಕೋಟೆಗೆ ಅಂಟು ಹಚ್ಚುವ ಮುಂಚೆ ಇದನ್ನೂ ಬರೆಯಬೇಕು. ಆ ದುಂಡು ತೂತು ಕೊರೆಯುವಾಗಲೇ ಅದು ಜಾರುತ್ತದೆಂದು ನನಗೆ ಗೊತ್ತಿತ್ತು. ನೀವು ಬೈದರೂ ಇನ್ನೊಂದು ಸಲ ಹೇಳಬಹುದಿತ್ತು. ಹೇಳಲಿಲ್ಲ. ನಿಮ್ಮ ವಿದ್ಯಾರ್ಥಿಗಳ ಮುಂದೆ ನೀವೇ ಬಿದ್ದು ಮಾನ ಹೋಗಲಿ ಎಂದುಕೊಂಡು, ಕೂದಲೆಳೆಯಷ್ಟೂ ತಪ್ಪದಂತೆ ಮಾಡಿಕೊಟ್ಟೆ. ರೂಪಶ್ರೀ ಹತ್ತುತ್ತಾಳೆಂದು ಯೋಚಿಸಲೇ ಇಲ್ಲ. ಆಸ್ಪತ್ರೆಯಲ್ಲಿ ಯಾಕೆ ಹತ್ತಿದೆ ಎಂದು ಗದರಿದ್ದಕ್ಕೆ, "ಮಾಡಿದ್ದು ನೀನಲ್ವೇನಪ್ಪಾ, ಅದಕ್ಕೇ ಧೈರ್ಯವಾಗಿ ಹತ್ತಿದೆ" ಎಂದಳು. ಮಾತ್ರೆ ತರುತ್ತೇನೆಂದು ಹೊರಗೆ ಬಂದುಬಿಟ್ಟೆ. ಅವಳಿಗೆ ಇನ್ನೂ ಹೇಳಿಲ್ಲ. ನೀವು ಬಂದ ದಿನ ಇಬ್ಬರನ್ನೂ ಕೂರಿಸಿಕೊಂಡು ಹೇಳುತ್ತೇನೆ. ಒಬ್ಬನೇ ಹೇಳಲು ನನ್ನಿಂದಾಗದು. ರಜೆ ಕೇಳಿ ಬನ್ನಿ.